ಜಿಲ್ದೊನ ಬಾಯಲ್ಲಿ ಇಟಾಲಿಯನ್

ಬೂದಿ ಬುಧವಾರದ ಮರುದಿನ, ಬೆಳಗಿನ ಏಳು ಗಂಟೆ. ಗುಡ್ಡದ ತಲೆಯ ಮೇಲೆ ಹಿಮ ಇನ್ನೂ ಕೂತಿತ್ತು. ಒಲೆಯ ಮೇಲೆ ಕಾಫಿ ಪಾತ್ರೆ ಗೊರಗೊರ ಅನ್ನತೊಡಗಿತ್ತು. ಆ ಹೊತ್ತಿಗೆ ನಮ್ಮ ಪಕ್ಕದ ಮನೆಯ ಜಿಲ್ದೊ ಹೆಂಡತಿಯ ಮುಂದೆ ನೆಟ್ಟಗೆ ನಿಂತು, ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು, ಹೀಗೆಂದ:

"ಶುಭೋದಯ, ನೋರ್ಮಾ. ಒಂದು ಬಟ್ಟಲು ಕಾಫಿಯನ್ನು ದಯಪಾಲಿಸುವೆಯಾ?"

ನೋರ್ಮಾಳ ಕೈಯಲ್ಲಿದ್ದ ಬಟ್ಟಲು ನೆಲಕ್ಕೆ ಬಿದ್ದು ಚೂರಾಯಿತು.

ನಾನು ಅವರ ಏಣಿ ವಾಪಸು ಕೊಡಲೆಂದು ಹೋಗಿ ಬಾಗಿಲಲ್ಲಿ ನಿಂತಿದ್ದೆ. ಜಿಲ್ದೊ ನನ್ನ ಕಡೆ ತಿರುಗಿ, "ಒಳಗೆ ಆಗಮಿಸಿ, ಮೆನೆಗೊ ಅವರೇ" ಎಂದ. ಎಪ್ಪತ್ತು ವರ್ಷದಿಂದ ಅವನು ನನ್ನನ್ನು ಕರೆದ ಹೆಸರುಗಳಲ್ಲಿ 'ಅವರೇ' ಎಂಬುದು ಯಾವತ್ತೂ ಇರಲಿಲ್ಲ. ಇಂಥ ಹೊತ್ತಿನಲ್ಲಿ ಏಣಿಯ ಮಾತೆತ್ತುವುದು ಸರಿಯಲ್ಲ ಎಂದು ಹಾಗೇ ಅದನ್ನು ಹೊತ್ತುಕೊಂಡು ಮನೆಗೆ ಬಂದೆ.

ಇಟಲಿಯ ಗುಡ್ಡಗಾಡಿನ ನಮ್ಮೂರು ಮಾಲ್ಗರೆಯಲ್ಲಿ ಎರಡು ಮಾತು. ಮನೆಮಾತಲ್ಲಿ ನಾವು ಹುಟ್ಟುತ್ತೇವೆ, ಬೈಯುತ್ತೇವೆ, ಇಸ್ಪೀಟಾಡುತ್ತೇವೆ, ಹಸು ಕೊಳ್ಳುತ್ತೇವೆ, ಹೆಣ್ಣು ಕೇಳುತ್ತೇವೆ. ಇಟಾಲಿಯನ್ ಅನ್ನುವುದು ಬೀರುವಿನ ತಳದಲ್ಲಿ ನುಸಿಗುಳಿಗೆ ಹಾಕಿಟ್ಟ ಕಪ್ಪು ಕೋಟಿನ ಹಾಗೆ. ಅದು ಹೊರಗೆ ಬಂತೆಂದರೆ ಏನೋ ಕೆಟ್ಟದ್ದು ಆಗಿದೆ ಎಂದೇ ಲೆಕ್ಕ. ದೊಡ್ಡಾಸ್ಪತ್ರೆಯ ಡಾಕ್ಟರು ಇಟಾಲಿಯನ್ ಆಡುತ್ತಾನೆ. ಕೋರ್ಟಿನಲ್ಲಿ ಜಡ್ಜಿ ಆಡುತ್ತಾನೆ. ಪೊಲೀಸಿನವನು ಟೋಪಿ ತೆಗೆದು ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಾಗ ಆಡುತ್ತಾನೆ. ಸತ್ತವರ ಮನೆಗೆ ಹೋದಾಗ ನಾವೂ ಆಡುತ್ತೇವೆ, ಮೆಲ್ಲಗೆ, ಕೈ ಹಿಡಿದುಕೊಂಡು, ನೆಲ ನೋಡುತ್ತಾ. ನಮ್ಮ ಮಕ್ಕಳು ಮೊಮ್ಮಕ್ಕಳು ಕೆಳಗೆ ಪಟ್ಟಣದಲ್ಲಿ ದಿನವಿಡೀ ಅದನ್ನೇ ಆಡುತ್ತಾರಂತೆ. ಆಡಲಿ. ಅವರ ಎದೆ ಗಟ್ಟಿ.

ಜಿಲ್ದೊ ಅದುವರೆಗೆ ನೋರ್ಮಾಳ ಎದುರು ಇಟಾಲಿಯನ್ ಆಡಿದ್ದು ಅವನ ತಾಯಿ ತೀರಿಕೊಂಡ ದಿನ ಒಮ್ಮೆ, ಅವನು ಓಡಿಸುತ್ತಿದ್ದ ಬಸ್ಸು ಮೇಯರನ ಕೋಳಿಗೂಡಿಗೆ ನುಗ್ಗಿದ ದಿನ ಇನ್ನೊಮ್ಮೆ.

ನಡೆದದ್ದು ಇಷ್ಟು. ಇದು ನಮಗೆಲ್ಲ ಗೊತ್ತಾದದ್ದು ಎಷ್ಟೋ ದಿನದ ಮೇಲೆ. ಮುಚ್ಚಿಹೋಗಿದ್ದ ನಮ್ಮೂರ ಶಾಲೆಯಲ್ಲಿ ಪಟ್ಟಣದ ಕೊಂತಾರಿನ್ ಟೀಚರು ಆ ಚಳಿಗಾಲ ಹೊರದೇಶದವರಿಗೆ ಸಂಜೆ ಇಟಾಲಿಯನ್ ಪಾಠ ಶುರುಮಾಡಿದ್ದರು. ನಮ್ಮ ಬೀದಿಯಿಂದ ಹೋಗುತ್ತಿದ್ದವಳು ನಾತೆಲಾ ಒಬ್ಬಳೇ. ಜಾರ್ಜಿಯಾ ದೇಶದವಳು. ಅಮಾಬಿಲೆ ಅಜ್ಜಿಯನ್ನು ನೋಡಿಕೊಳ್ಳಲು ಬಂದು ನಾಲ್ಕು ವರ್ಷವಾಗಿತ್ತು. ಅಜ್ಜಿಗೆ ತೊಂಬತ್ತು ದಾಟಿದೆ, ಮನೆಮಾತು ಬಿಟ್ಟರೆ ಬೇರೆ ಬಾರದು, ಬಂದರೂ ಆಡುವವಳಲ್ಲ. ಹಾಗಾಗಿ ನಾತೆಲಾ ಕಲಿತದ್ದೂ ನಮ್ಮ ಮನೆಮಾತನ್ನೇ. ಸಂತೆಯಲ್ಲಿ ಚೀಸು ಮಾರುವವನು ಅವಳನ್ನು ಪಕ್ಕದ ಕಣಿವೆಯ ಸೊಸೆ ಅಂದುಕೊಂಡಿದ್ದ. ಇಟಾಲಿಯನ್ ಮಾತ್ರ ಸೊನ್ನೆ.

ಈಸ್ಟರ್ ಆದ ಮೇಲೆ ಅವಳಿಗೆ ಸರ್ಕಾರದ ಪರೀಕ್ಷೆ ಇತ್ತು. ಪಾಸಾದರೆ ಇಲ್ಲೇ ಇರಲು ಗಟ್ಟಿ ಕಾಗದ ಸಿಗುತ್ತದೆ. ಆಗ ಜೂನ್ ತಿಂಗಳಲ್ಲಿ ತನ್ನೂರು ಕುತೈಸಿಯಲ್ಲಿ ನಡೆಯುವ ಮಗಳ ಮದುವೆಗೆ ಹೋಗಿ ವಾಪಸು ಬರಬಹುದು. ಫೇಲಾದರೆ, ಹೋದವಳ ಬೆನ್ನಿಗೆ ಬಾಗಿಲು ಮುಚ್ಚುತ್ತದೆ. ಹೋಗದಿದ್ದರೆ ತಾಯಿಯಿಲ್ಲದೆ ಮಗಳ ಮದುವೆ.

"ಇವರ ಜೊತೆ ದಿನಾ ಶುದ್ಧ ಇಟಾಲಿಯನ್‌ನಲ್ಲಿ ಮಾತಾಡುವ ಒಬ್ಬರು ಬೇಕು" ಎಂದು ಟೀಚರು ಒಂದು ಸಂಜೆ ನಿಟ್ಟುಸಿರು ಬಿಟ್ಟರಂತೆ. ಆಗ ಕ್ಲಾಸಿನ ಮೂಲೆಯಲ್ಲಿ, ಒಲೆಯ ಹೊಗೆಕೊಳವೆಯೊಳಗಿಂದ, ಮಸಿ ಮೆತ್ತಿದ ಒಂದು ಕೈ ಮೇಲೆದ್ದಿತು. ಕೊಳವೆ ರಿಪೇರಿಗೆ ಬಂದಿದ್ದ ಜಿಲ್ದೊ! "ಟೀಚರೇ, ನಾನು ಮೂವತ್ತು ವರ್ಷ ಪಟ್ಟಣದ ಬಸ್ಸು ಓಡಿಸಿದವನು. ಕೌಂಟ್ ದೊರೆಗಳ ಜೊತೆ, ಕರ್ನಲ್‌ಗಳ ಜೊತೆ ಇಟಾಲಿಯನ್ ಆಡಿದವನು." ಅವನು ಅವರ ಜೊತೆ ಆಡಿದ್ದು 'ಟಿಕೆಟ್' ಎಂಬ ಒಂದೇ ಮಾತು. ಆದರೆ ಆಡಿದ್ದಂತೂ ನಿಜ.

ಈ ಸುದ್ದಿಯನ್ನು ಅವನು ನೋರ್ಮಾಳಿಂದ ಮುಚ್ಚಿಟ್ಟ. ಯಾಕೆಂದರೆ ಒಂದು ಕ್ರಿಸ್‌ಮಸ್ಸಿಗೆ ತಾನೇ ಮುಂದೆ ಬಿದ್ದು ಸಂತ ಜೋಸೆಫನ ವೇಷ ಹಾಕಿ, ಕತ್ತೆಯ ಸಮೇತ ಕಾರಂಜಿಯೊಳಗೆ ಬಿದ್ದಾಗಿನಿಂದ, ಊರಮುಂದೆ ಕೈ ಎತ್ತಕೂಡದು ಎಂದು ಅವಳು ಆಣೆ ಹಾಕಿಸಿದ್ದಳು. ಮುಚ್ಚಿಟ್ಟವನು ಸುಮ್ಮನಿದ್ದನೇ? ನಾಲಿಗೆ ಹದ ಮಾಡಿಕೊಳ್ಳಬೇಕೆಂದು ಮರುದಿನ ಬೆಳಗ್ಗೆಯೇ ಕಾಫಿಯನ್ನು ದಯಪಾಲಿಸಲು ಕೇಳಿಬಿಟ್ಟ.

ನೋರ್ಮಾ ಏಪ್ರನ್ ಕೂಡ ಬಿಚ್ಚದೆ ಬೆರ್ತಿಲ್ಲಾಳ ಬಾರಿಗೆ ಓಡಿಬಂದಳು.

"ಬೆರ್ತಿಲ್ಲಾ, ನನ್ ಗಂಡ ಇಟಾಲಿಯನ್ ಆಡ್ತಿದಾನೆ ಕಣೇ!"

ಇಸ್ಪೀಟು ಹಿಡಿದಿದ್ದ ಕೈಗಳೆಲ್ಲ ಕೆಳಗಿಳಿದವು. ಬೆರ್ತಿಲ್ಲಾ ಗ್ಲಾಸು ಒರೆಸುವುದನ್ನು ನಿಲ್ಲಿಸಿದಳು.

"ಯಾವಾಗಿಂದ?"

"ಎದ್ದಾಗಿಂದ."

"ಜ್ವರ ಇದೆಯಾ?"

"ಹಣೆ ಮುಟ್ಟಿ ನೋಡ್ದೆ, ತಣ್ಣಗಿದೆ. 'ಚಿಂತಿಸದಿರು ಪ್ರಿಯೆ' ಅಂದ."

"ಪ್ರಿಯೆ ಅಂದ್ನಾ?" ಬೆರ್ತಿಲ್ಲಾ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡಳು. "ಅಯ್ಯೋ ನನ್ ಕೂಸೇ, ಕೂತ್ಕೋ ಇಲ್ಲಿ. ಅವ್ನು ಡಾಕ್ಟರ ಹತ್ರ ಹೋಗಿ ಬಂದಿದಾನೆ. ನಿಂಗೆ ಹೇಳಿಲ್ಲ ಅಷ್ಟೇ."

ಬೇರೆ ಏನು ಕಾರಣ ಇರಲು ಸಾಧ್ಯ? ಯಾರೂ ಹುಡುಕಲಿಲ್ಲ. ನಾನೂ ಹುಡುಕಲಿಲ್ಲ. ಏಣಿಯನ್ನು ಹಿತ್ತಲಲ್ಲಿ ಮಳೆ ಬೀಳದ ಕಡೆ ಜೋಪಾನವಾಗಿಟ್ಟೆ.

ಜಿಲ್ದೊ ಮೊದಲು ಪಾಠ ಹೇಳಲು ಹೋದದ್ದು ಅಮಾಬಿಲೆ ಅಜ್ಜಿಯ ಮನೆಗೆ. ಅಡುಗೆಮನೆಯಲ್ಲಿ ಕೂತು, "ಮಾನ್ಯ ನಾತೆಲಾ ಅವರೇ, ಹೊರಗೆ ಹವಾಮಾನವು ಹೇಗಿದೆ?" ಎಂದು ಶುರುಮಾಡಿದನೋ ಇಲ್ಲವೋ, ಅಜ್ಜಿ ಊರುಗೋಲಿನಿಂದ ಮೇಜು ಕುಟ್ಟಿದಳು.

"ಯಾರ್ ಸತ್ರೋ?"

"ಯಾರೂ ಇಲ್ಲ, ಮಾನ್ಯ ಅಮಾಬಿಲೆ..."

"ಹಂಗಾದ್ರೆ ಎದ್ದೇಳು. ಈ ಮನೆಗೆ ಆ ಭಾಷೆ ಬಂದಿದ್ದು ಮೂರೇ ಸಲ. ಒಂದ್ಸಲ ನನ್ ಅಣ್ಣನ್ನ ಯುದ್ಧಕ್ಕೆ ಕರ್ಕೊಂಡು ಹೋಯ್ತು, ಒಂದ್ಸಲ ನನ್ ಹೊಲ ತಗೊಂಡು ಹೋಯ್ತು, ಇನ್ನೊಂದ್ಸಲ ನನ್ ಗಂಡನ್ನ. ನಾಕ್ನೇ ಸಲಕ್ಕೆ ಬಾಗ್ಲು ತೆಗೆಯಲ್ಲ. ಹೋಗು, ಬೀದೀಲಿ ಆಡ್ಕೋ!"

ಹಾಗಾಗಿ ನಾತೆಲಾಳೇ ಜಿಲ್ದೊನ ಮನೆಗೆ ಬರಬೇಕಾಯಿತು. ದಿನಾ ಮಧ್ಯಾಹ್ನ, ಅಜ್ಜಿ ಮಲಗುವ ಹೊತ್ತಿಗೆ. ಗುಟ್ಟು ಬಿಡಬೇಡ ಎಂದು ಜಿಲ್ದೊ ಅವಳಿಗೆ ಮೊದಲೇ ಹೇಳಿದ್ದ, ಕತ್ತೆಯ ಕಥೆಯ ಸಮೇತ.

ಮುಪ್ಪಿನವರನ್ನೂ ರೋಗಿಗಳನ್ನೂ ನೋಡಿಕೊಳ್ಳುವ ಹೆಂಗಸು ಜಿಲ್ದೊನ ಮನೆಯೊಳಗೆ ಹೋಗುವುದನ್ನು ಬೀದಿಯೇ ನೋಡಿತು. ಮಧ್ಯಾಹ್ನ ಎರಡಕ್ಕೆ ನೋಡಿತು, ಎರಡೂವರೆಗೆ ಬಾರಿನಲ್ಲಿ ತೀರ್ಪಾಯಿತು.

"ಆಳು ಇಟ್ಕೊಂಡ್ಬಿಟ್ಟ," ಎಂದಳು ಬೆರ್ತಿಲ್ಲಾ. "ಇನ್ನೇನ್ ಉಳೀತು? ಬೇಸಿಗೆ ನೋಡಲ್ಲ."

ಅವತ್ತು ಸಂಜೆಯಿಂದ ಜನ ಬರಲು ಶುರುವಾಯಿತು. ಕೋಳಿ ಸಾರು ಬಂತು, ಮೊಟ್ಟೆ ಬಂತು, ಮೆಕ್ಕೆಜೋಳದ ಮುದ್ದೆ ಪೊಲೆಂತಾ ಬಂತು, ಯಾರೋ ರೋಗ ಕಳೆಯುವ ಲೂರ್ದಿನ ತೀರ್ಥದ ಬಾಟಲಿ ತಂದರು. ಬಂದವರೆಲ್ಲ ಕಪ್ಪು ಕೋಟು ಹಾಕಿದ್ದರು, ಕಪ್ಪು ಕೋಟಿನ ಜೊತೆ ಇಟಾಲಿಯನ್ನನ್ನೂ ಬೀರುವಿನಿಂದ ತೆಗೆದಿದ್ದರು. ಸಾಯುವವನ ಮುಂದೆ ಮನೆಮಾತಾಡಿದರೆ ಅವನನ್ನು ಹಗುರ ಮಾಡಿದ ಹಾಗಲ್ಲವೇ?

"ಧೈರ್ಯವನ್ನು ತಂದುಕೊಳ್ಳಿ," ಎಂದರು ಒಬ್ಬರು.

"ಭಗವಂತನ ಇಚ್ಛೆಯ ಮುಂದೆ ನಾವು ಏನೂ ಅಲ್ಲ," ಎಂದರು ಇನ್ನೊಬ್ಬರು.

ಜಿಲ್ದೊಗೆ ಆನಂದವೋ ಆನಂದ. ಟೀಚರು ಊರಿಗೆಲ್ಲ ಹೇಳಿಬಿಟ್ಟಿದ್ದಾರೆ, ನಾತೆಲಾಳಿಗೆ ಕಲಿಸಲು ಊರೇ ಟೊಂಕ ಕಟ್ಟಿದೆ ಎಂದು ಅವನ ಲೆಕ್ಕ. ಅವಳನ್ನು ಒಲೆಯ ಪಕ್ಕ ಕೂರಿಸಿ, ಬಂದವರಿಗೆಲ್ಲ ಕುರ್ಚಿ ಕೊಟ್ಟು, "ದಯವಿಟ್ಟು ಇನ್ನೊಮ್ಮೆ ನುಡಿಯಿರಿ, ನಿಧಾನವಾಗಿ, ಇವರಿಗೂ ಕೇಳುವಂತೆ" ಎನ್ನುತ್ತಿದ್ದ. ನಾತೆಲಾ ತುಟಿ ಆಡಿಸುತ್ತಾ ಒಂದೊಂದನ್ನೂ ಬಾಯಿಪಾಠ ಮಾಡುತ್ತಿದ್ದಳು. ಜನ ಹೊರಗೆ ಬಂದು ಕಣ್ಣೊರೆಸಿಕೊಂಡು, "ಎಂಥಾ ಗುಂಡಿಗೆ ಮಾರಾಯ! ಸಾಂತ್ವನದ ಮಾತನ್ನ ಎರಡೆರಡು ಸಲ ಕೇಳ್ತಾನೆ" ಎನ್ನುತ್ತಿದ್ದರು.

ನೋರ್ಮಾ ಗಂಡನನ್ನು ಒಂದು ಮಾತೂ ಕೇಳಲಿಲ್ಲ. ಅವನಾಗಿ ಹೇಳುವ ತನಕ ಕೇಳಬಾರದು ಎಂದು ಬೆರ್ತಿಲ್ಲಾ ಬುದ್ಧಿ ಹೇಳಿದ್ದಳು. ಬೂದಿ ಬುಧವಾರದಿಂದ ಈಸ್ಟರ್‌ವರೆಗಿನ ಉಪವಾಸದ ದಿನಗಳಲ್ಲೂ ಅವನಿಗೆ ಮಾಂಸ ಬೇಯಿಸಿ ಹಾಕಿದಳು. ಜಿಲ್ದೊ ದಪ್ಪಗಾದ. "ಊದ್ಕೊಳ್ತಿದಾನೆ," ಎಂದಿತು ಬೀದಿ.

ಜಿಲ್ದೊನ ಭಾವಮೈದ ಅತ್ತಿಲಿಯೊ, ಎರಡೂ ಮನೆಯ ನಡುವಿನ ಚೆರ್ರಿ ಮರ ಯಾರದ್ದು ಎಂಬ ಜಗಳದಲ್ಲಿ ಹನ್ನೊಂದು ವರ್ಷದಿಂದ ಮಾತು ಬಿಟ್ಟವನು. ಅವನೂ ಒಂದು ದಿನ ಟೋಪಿ ಕೈಯಲ್ಲಿ ಹಿಡಿದು ಬಂದ.

"ಜಿಲ್ದೊ ಅವರೇ. ಗತಿಸಿದ್ದೆಲ್ಲವನ್ನೂ ನಾನು ಕ್ಷಮಿಸಿದ್ದೇನೆ. ಆ ವೃಕ್ಷವು ನಿಮ್ಮದೇ."

"ಅತ್ಯುತ್ತಮ!" ಎಂದು ಜಿಲ್ದೊ ಚಪ್ಪಾಳೆ ತಟ್ಟಿದ. "ಎಷ್ಟು ಸ್ಪಷ್ಟವಾದ ಉಚ್ಚಾರಣೆ! ಮತ್ತೊಮ್ಮೆ?"

ಅತ್ತಿಲಿಯೊ ಮತ್ತೊಮ್ಮೆ ಕ್ಷಮಿಸಿದ. ನಾತೆಲಾ ಅವನ ಹಿಂದೆಯೇ ಮೆಲ್ಲಗೆ ಕ್ಷಮಿಸಿದಳು.

ಕೊನೆಗೆ ಪಾದ್ರಿ ದೊನ್ ಫ್ಲೋರಿಯಾನೊ ಅವರೇ ಬಂದರು, ಸಾಯುವವರ ಹಣೆಗೆ ಹಚ್ಚುವ ಅಂತ್ಯದ ತೈಲದ ಪುಟ್ಟ ಡಬ್ಬಿಯನ್ನು ಜೇಬಿನಲ್ಲಿಟ್ಟುಕೊಂಡು.

"ಮಗನೇ, ಭಯವಾಗುತ್ತಿದೆಯೇ?"

"ನನಗೇಕೆ ಭಯ ಸ್ವಾಮಿ? ಈಸ್ಟರ್ ಕಳೆದ ಮೇಲಿನ ಬುಧವಾರ ಎಲ್ಲವೂ ಮುಗಿಯುತ್ತದೆ."

ಪಾದ್ರಿಗಳು ಕುರ್ಚಿಯ ತೋಳು ಹಿಡಿದುಕೊಂಡರು. ಮೂವತ್ತು ವರ್ಷದ ಸೇವೆಯಲ್ಲಿ ವಾರದ ಸಮೇತ ತನ್ನ ದಿನ ಬಲ್ಲವನನ್ನು ಅವರು ನೋಡಿರಲಿಲ್ಲ. ಆ ಭಾನುವಾರ ಪೀಠದಿಂದ ಅದನ್ನೇ ಉಪದೇಶ ಮಾಡಿದರು, ಹೆಸರು ಹೇಳದೆ. ಇಡೀ ದೇವಾಲಯ ಜಿಲ್ದೊನ ಕಡೆ ತಿರುಗಿ ನೋಡಿತು. ಜಿಲ್ದೊ ಹಿಂದಿನ ಬೆಂಚಿನ ಕಡೆ ತಿರುಗಿ ನೋಡಿದ.

ಇದೆಲ್ಲ ಬಯಲಾದದ್ದು ಪೊಲೆಂತಾ ಕಲಕುವಾಗ. ಪರೀಕ್ಷೆಗೆ ಇನ್ನೊಂದು ವಾರ ಇತ್ತು. ಅಜ್ಜಿ ಕಿಟಕಿಯ ಬಳಿ ಬೀನ್ಸ್ ಸುಲಿಯುತ್ತಿದ್ದಳು. ನಾತೆಲಾ ಕೋಲು ಹಿಡಿದು ಪಾತ್ರೆಯಲ್ಲಿ ಕಲಕುತ್ತಾ, ಅದರ ಮೇಲೆ ಬಾಗಿ, ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು: "ಅವರು ಬಹಳ ಒಳ್ಳೆಯವರಾಗಿದ್ದರು. ಈಗ ಅವರಿಗೆ ಯಾವ ನೋವೂ ಇಲ್ಲ."

ಅಜ್ಜಿಯ ಕೈಯಲ್ಲಿ ಬೀನ್ಸ್ ನಿಂತಿತು.

"ಏಯ್ ನಾತೆಲಾ. ಯಾರಿಗೆ ಹೇಳ್ತಿದೀಯ ಅದನ್ನ?"

"ಪೊಲೆಂತಾಗೆ ಅಜ್ಜಿ. ಅಭ್ಯಾಸ ಮಾಡ್ತಿದೀನಿ. ಜಿಲ್ದೊ ಮನೇಲಿ ಎಲ್ರೂ ಹಿಂಗೇ ಮಾತಾಡ್ಕೊಳ್ಳೋದು."

ಬೆರ್ತಿಲ್ಲಾ ಯಾವತ್ತೋ ಅಜ್ಜಿಯ ಕಿವಿಯಲ್ಲಿ ಜಿಲ್ದೊನ ರೋಗದ ಸುದ್ದಿ ಊದಿಹೋಗಿದ್ದಳು. ಎರಡನ್ನೂ ಕೂಡಿಸಲು ಅಜ್ಜಿಗೆ ಬಹಳ ಹೊತ್ತು ಬೇಕಾಗಲಿಲ್ಲ. ಊರುಗೋಲು ತೆಗೆದುಕೊಂಡು ಬೀದಿ ದಾಟಿದಳು. ಆಕೆ ಬೀದಿ ದಾಟಿ ಎರಡು ವರ್ಷವಾಗಿತ್ತು, ಹಾಲಿನ ಲಾರಿ ನಿಂತುಕೊಂಡು ದಾರಿ ಬಿಟ್ಟಿತು. ಜಿಲ್ದೊನ ಅಡುಗೆಮನೆಯಲ್ಲಿ ನಾವು ಎಂಟು ಹತ್ತು ಮಂದಿ ಕಪ್ಪು ಕೋಟು ಹಾಕಿಕೊಂಡು ಕೂತಿದ್ದೆವು. ಅಜ್ಜಿ ಬಾಗಿಲಲ್ಲಿ ನಿಂತು ಮನೆಮಾತಲ್ಲಿ, ಕಾರಂಜಿಯ ತನಕ ಕೇಳುವ ಹಾಗೆ, ಕೇಳಿದಳು:

"ಲೋ ಜಿಲ್ದೊ! ಸಾಯ್ತಿದೀಯೇನೋ?"

ಜಿಲ್ದೊಗೆ ಗಾಬರಿಯಾಗಿ ಇಟಾಲಿಯನ್ ಎಲ್ಲ ಹಾರಿಹೋಯಿತು.

"ಇಲ್ವಲ್ಲ ಅಜ್ಜಿ! ಯಾರ್ ಹೇಳಿದ್ದು?"

"ಇವ್ರೆಲ್ಲ."

ಜಿಲ್ದೊ ನಮ್ಮನ್ನೆಲ್ಲ ಒಂದು ಸುತ್ತು ನೋಡಿದ. ಕೋಟುಗಳನ್ನು ನೋಡಿದ. ಲೂರ್ದಿನ ಬಾಟಲಿ ನೋಡಿದ. "ನೀವೆಲ್ಲ ಪಾಠಕ್ಕೆ ಬಂದಿದ್ದಲ್ವಾ?" ಎಂದ.

"ಯಾವ್ ಪಾಠ?" ಎಂದಳು ನೋರ್ಮಾ. ಅವಳ ಕೈಯಲ್ಲಿ ಸೌಟಿತ್ತು.

ಜಿಲ್ದೊ ಹೇಳಿದ. ಹೊಗೆಕೊಳವೆಯಿಂದ ಶುರುಮಾಡಿ ಪೂರ್ತಿ ಹೇಳಿದ. ನೋರ್ಮಾ ಕೇಳಿ ಮುಗಿಸಿ, ಒಂದು ಸಲ ಜೋರಾಗಿ ಅತ್ತು, ಆಮೇಲೆ ಸೌಟು ಬೀಸಿದಳು. "ನಲವತ್ತು ದಿನದ ಉಪವಾಸ ಮುರಿದು ನಿಂಗೆ ಕರುವಿನ ಮಾಂಸ ತಿನ್ಸಿದ್ನಲ್ಲೋ! ದಿನಾ ರಾತ್ರಿ ದಿಂಬು ಒದ್ದೆ ಮಾಡ್ದೆನಲ್ಲೋ! ಪಾಠ ಅಂತೆ ಪಾಠ!"

ಅತ್ತಿಲಿಯೊ ಟೋಪಿ ಹಾಕಿಕೊಂಡ. "ಹಂಗಾದ್ರೆ ಮರ ನಂದೇ."

"ಎರಡು ಸಲ ಕ್ಷಮಿಸ್ದೆ ನೀನು! ಎಲ್ರೂ ಕೇಳಿದಾರೆ!"

"ಕ್ಷಮಿಸಿದ್ದು ಇಟಾಲಿಯನ್‌ನಲ್ಲಿ. ಅದು ಲೆಕ್ಕಕ್ಕಿಲ್ಲ."

ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಗಲಾಟೆಯ ನಡುವೆ ಜಿಲ್ದೊ ಸೌಟಿನ ಅಡಿಯಿಂದ ತಲೆ ಎತ್ತಿ ನನ್ನನ್ನು ನೋಡಿದ. "ಮೆನೆಗೊ, ಕಳ್ಳ ನನ್ಮಗ್ನೆ, ನನ್ ಏಣಿ ಎಲ್ಲೋ?" ಅವನು ಬದುಕಿದ್ದಾನೆ ಎಂದು ನನಗೆ ಪೂರ್ತಿ ನಂಬಿಕೆ ಬಂದದ್ದು ಆಗಲೇ.

ಸುದ್ದಿ ಕೇಳಿ ಮರುದಿನ ಕೊಂತಾರಿನ್ ಟೀಚರು ಓಡಿಬಂದರು. ಬಾರಿನಲ್ಲಿ ನಮ್ಮನ್ನೆಲ್ಲ ಸೇರಿಸಿ ಕೈ ಮುಗಿದರು. ಪಟ್ಟಣದವರಾದರೂ ಒಳ್ಳೆಯ ಹೆಂಗಸು, ಆ ದಿನ ಕಣ್ಣಲ್ಲಿ ನೀರಿತ್ತು.

"ಇನ್ನೊಂದೇ ವಾರ ಇದೆ. ಆಕೆಗೆ ಬರುವುದೆಲ್ಲ ಸಾವಿನ ಮಾತೇ. ದಯವಿಟ್ಟು ಒಂದು ವಾರ ಅವಳ ಜೊತೆ ಸಂತೋಷದ ಇಟಾಲಿಯನ್ ಆಡಿ. ಹಾಲಿನ ಬಗ್ಗೆ, ಬಿಸಿಲಿನ ಬಗ್ಗೆ, ಏನಾದರೂ!"

ನಾವು ಪ್ರಯತ್ನಪಟ್ಟೆವು. ಬೆರ್ತಿಲ್ಲಾ ನಾತೆಲಾಳ ಮುಂದೆ ನಿಂತು, "ಇಂದು ಹಾಲು..." ಎಂದಳು. ಅಷ್ಟಕ್ಕೆ ಅವಳ ದನಿ ತಾನಾಗಿ ಇಳಿಯಿತು, ಕಣ್ಣು ನೆಲಕ್ಕೆ ಹೋಯಿತು, ಕೈ ನಾತೆಲಾಳ ಕೈಯನ್ನು ಹಿಡಿದುಕೊಂಡಿತು. "...ನಮ್ಮನ್ನು ಅಗಲಿದೆ" ಎಂದು ಮುಗಿಸಿದಳು. ಹಾಲು ಖಾಲಿಯಾಗಿದ್ದದ್ದು ನಿಜ.

"ಸಾಕ್ ಮಾಡ್ರೇ!" ಎಂದಳು ಅಮಾಬಿಲೆ ಅಜ್ಜಿ. ಬೀದಿ ದಾಟುವ ರುಚಿ ಹತ್ತಿ ಈಗ ದಿನಾ ಬರುತ್ತಿದ್ದಳು. "ಇನ್ ಮೇಲೆ ಈ ಬೀದೀಲಿ ಆ ಭಾಷೆ ಆಡಿದವ್ರಿಗೆ ನನ್ ಕೋಲು. ಹುಡುಗಿ ಏನ್ ಕಲ್ತಿದಾಳೋ ಅದ್ರಲ್ಲೇ ಹೋಗ್ತಾಳೆ. ನಾಲ್ಕು ವರ್ಷದಿಂದ ನನ್ನ ಮೀಯಿಸ್ತಾಳೆ, ಉಣಿಸ್ತಾಳೆ, ನನ್ ಜೊತೆ ಜಗಳ ಆಡ್ತಾಳೆ. ಅದಕ್ಕೆ ಯಾವ್ ಪರೀಕ್ಷೆ ಬೇಕಂತೆ ಇವ್ರಿಗೆ?"

ಟೀಚರು ಚೀಲ ತೆಗೆದುಕೊಂಡು ಹೊರಟುಹೋದರು.

ಪರೀಕ್ಷೆ ನಡೆದದ್ದು ಪಂಚಾಯ್ತಿ ಕಟ್ಟಡದ ಕೆಳಗಿನ ಕೋಣೆಯಲ್ಲಿ. ಏಪ್ರಿಲ್ ಬಿಸಿಲಿಗೆ ಕಿಟಕಿ ತೆಗೆದಿದ್ದರು. ಕಿಟಕಿಯ ಕೆಳಗೆ, ಲ್ಯಾವೆಂಡರ್ ಗಿಡದ ಮರೆಯಲ್ಲಿ, ಬೀದಿಯೆಲ್ಲ ಬಗ್ಗಿ ಕೂತಿತ್ತು. ಅಜ್ಜಿಗೆ ಮಾತ್ರ ಕುರ್ಚಿ. ಒಳಗೆ ಪಟ್ಟಣದಿಂದ ಬಂದ ಇಬ್ಬರು: ಗಡ್ಡದ ಒಬ್ಬ ಮೇಷ್ಟ್ರು, ಕನ್ನಡಕದ ಒಬ್ಬ ಮೇಡಂ.

"ನಿಮ್ಮ ದಿನ ಹೇಗೆ ಶುರುವಾಗುತ್ತದೆ, ಹೇಳಿ," ಎಂದರು ಮೇಷ್ಟ್ರು.

ನಾತೆಲಾಳ ದನಿ ತಣ್ಣಗೆ, ಗಂಭೀರವಾಗಿ ಬಂತು. "ಪ್ರತಿದಿನ ಮುಂಜಾನೆ, ಅತೀವ ದುಃಖದಿಂದ, ನಾನು ಕಾಫಿ ಮಾಡುತ್ತೇನೆ."

ಒಳಗೆ ಪೆನ್ನು ನಿಂತ ಹಾಗಾಯಿತು.

"ಸರಿ... ಈಗ ನೀವು ಬೇಕರಿಗೆ ಹೋಗಿದ್ದೀರಿ ಅಂದುಕೊಳ್ಳಿ."

"ಈ ಕಷ್ಟದ ಗಳಿಗೆಯಲ್ಲಿ ನಾನು ನಿಮ್ಮೊಂದಿಗಿದ್ದೇನೆ. ಎರಡು ಬ್ರೆಡ್ಡು ಕೊಡಿ. ನಿನ್ನೆಯವು ಬಹಳ ಒಳ್ಳೆಯವಾಗಿದ್ದವು. ನರಳಲಿಲ್ಲ."

ನನ್ನ ಪಕ್ಕದಲ್ಲಿ ಜಿಲ್ದೊ ತನ್ನ ಟೋಪಿಯನ್ನು ಬಾಯಿಗೆ ತುರುಕಿಕೊಂಡ.

"ಗೆಳತಿಯನ್ನು ನಿಮ್ಮ ಹುಟ್ಟುಹಬ್ಬಕ್ಕೆ ಕರೆಯಿರಿ ನೋಡೋಣ," ಎಂದರು ಮೇಡಂ. ಅವರ ದನಿ ನಡುಗುತ್ತಿತ್ತು, ನಗುವೋ ಏನೋ.

"ನನ್ನ ಜನ್ಮದಿನವು ಸಂಭವಿಸಿದೆ. ಬನ್ನಿ. ಹೂವುಗಳನ್ನು ತರಬೇಡಿ."

ನಮ್ಮೂರ ಸಾವಿನ ನೋಟೀಸುಗಳೆಲ್ಲ ಮುಗಿಯುವುದು ಆ ಹೂವಿನ ಮಾತಿನಿಂದಲೇ. ಆಮೇಲೆ ಮೇಷ್ಟ್ರು ಕೇಳಿದರು: "ಶ್ರೀಮತಿ ನಾತೆಲಾ, ನಿಮ್ಮ ಮಾತು ಚೆನ್ನಾಗಿ ಹರಿಯುತ್ತದೆ. ಆದರೆ ಯಾಕೆ ಯಾರೋ ಸತ್ತ ಹಾಗೆ ಮಾತಾಡುತ್ತೀರಿ?"

ಕುರ್ಚಿ ಹಿಂದಕ್ಕೆ ಸರಿದ ಸದ್ದು ಕೇಳಿಸಿತು. ಅವಳು ಎದ್ದು ನಿಂತಿರಬೇಕು.

"ನಾನು ಕಲಿತದ್ದು ಇದೇ. ಈ ಊರಿಗೆ ಇಟಾಲಿಯನ್ ಬರುವುದು ಯಾರಾದರೂ ಸತ್ತಾಗ, ಇಲ್ಲವೇ ನಿಮ್ಮಂಥವರು ಬಂದಾಗ. ನಗುವುದನ್ನು, ಬೈಯುವುದನ್ನು ನಾನು ಅಜ್ಜಿಯ ಮಾತಿನಲ್ಲಿ ಕಲಿತೆ. ಅದಕ್ಕೆ ನೀವು ಅಂಕ ಕೊಡುವುದಿಲ್ಲ. ನಾಲ್ಕು ವರ್ಷದಲ್ಲಿ ಈ ಭಾಷೆಯಲ್ಲಿ ನನಗೆ ಒಬ್ಬರೂ ಒಂದು ಒಳ್ಳೆಯ ಸುದ್ದಿ ಹೇಳಿಲ್ಲ. ನೀವು ಹೇಳಿ. ನಾನು ಕಲಿಯುತ್ತೇನೆ."

ಇಷ್ಟನ್ನು ಅವಳು ಹೇಳಿದ್ದು ಇಟಾಲಿಯನ್‌ನಲ್ಲೇ, ಯಾರ ಕೈಯನ್ನೂ ಹಿಡಿಯದೆ, ನೆಲ ನೋಡದೆ.

"ನನಗೆ ಪೂರ್ತಿ ಅರ್ಥವಾಯಿತು," ಎಂದರು ಮೇಡಂ. "ನಿಮಗೆ?"

"ನನಗೂ." ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಕೇಳಿಸಿಕೊಳ್ಳಿ ಶ್ರೀಮತಿ. ನೀವು ಪಾಸಾಗಿದ್ದೀರಿ. ಅಭಿನಂದನೆಗಳು."

ಅಜ್ಜಿ ಕಿಟಕಿಯ ಕೆಳಗೆ ನನ್ನ ತೋಳು ಹಿಡಿದು ಎಳೆದಳು. "ಏನಂದ? ಯಾರ್ ಸತ್ರು?"

"ಯಾರೂ ಇಲ್ಲ ಅಜ್ಜಿ. ಪಾಸಾದ್ಳಂತೆ."

ಅಜ್ಜಿ ನಂಬಲಿಲ್ಲ. "ಅದನ್ನ ಆ ಭಾಷೇಲಿ ಹೇಳೋಕ್ ಬರುತ್ತಾ?"

ಅಷ್ಟರಲ್ಲಿ ಕಿಟಕಿಯಿಂದ ನಾತೆಲಾಳ ತಲೆ ಹೊರಬಂದು, ಲ್ಯಾವೆಂಡರ್ ಗಿಡದಲ್ಲಿ ಕಪ್ಪೆಗಳ ಹಾಗೆ ಕೂತಿದ್ದ ನಮ್ಮನ್ನೆಲ್ಲ ನೋಡಿ, ಮನೆಮಾತಲ್ಲಿ ನಮಗೊಂದು ಬೈಗುಳ ಕೊಟ್ಟಿತು. ಅದನ್ನು ಇಲ್ಲಿ ಬರೆಯಲಾರೆ. ಅಜ್ಜಿ ಕಲಿಸಿದ್ದು.

ಕಾಗದ ಮೇ ತಿಂಗಳಲ್ಲಿ ಬಂತು. ಜೂನ್ ತಿಂಗಳ ಎರಡನೆಯ ಗುರುವಾರ ಬೆಳಗ್ಗೆ, ನಾತೆಲಾ ಊರಿಗೆ ಹೊರಡುವ ದಿನ, ಬಸ್ಸಿನ ಕಟ್ಟೆಯ ಬಳಿ ಬೀದಿಯೆಲ್ಲ ನೆರೆದಿತ್ತು. ಅವಳು ಬರುವ ತನಕ ಅಜ್ಜಿಯನ್ನು ನೋಡಿಕೊಳ್ಳಲು ನೋರ್ಮಾ ಮುಂದೆ ಬಂದಿದ್ದಳು. ಜಿಲ್ದೊ ಕೈ ಎತ್ತುವ ಮೊದಲೇ ತಾನು ಎತ್ತಿದ್ದಳು. ಅತ್ತಿಲಿಯೊ ಬುಟ್ಟಿ ತುಂಬ ಚೆರ್ರಿ ಹಣ್ಣು ತಂದಿದ್ದ. "ಮದುವೆಗೆ," ಎಂದ. "ನನ್ ಮರದ್ದು," ಎಂದೂ ಸೇರಿಸಿದ. ಜಿಲ್ದೊ ಬಾಯಿ ತೆರೆದ, ನೋರ್ಮಾ ಅವನ ಕಾಲು ತುಳಿದಳು.

ಬಸ್ಸು ತಿರುವಿನಲ್ಲಿ ಕಾಣಿಸಿಕೊಂಡಿತು. ಜಿಲ್ದೊ ಕಪ್ಪು ಕೋಟಿನ ಗುಂಡಿ ಹಾಕಿಕೊಂಡು ಮುಂದೆ ಬಂದು, ಎದೆ ಉಬ್ಬಿಸಿ, ಶುರುಮಾಡಿದ: "ಮಾನ್ಯ ನಾತೆಲಾ ಅವರೇ, ಈ ಅಗಲಿಕೆಯ..."

ಅಮಾಬಿಲೆ ಅಜ್ಜಿ ಊರುಗೋಲು ಬಿಟ್ಟು ತನ್ನ ಅಂಗೈಯನ್ನು ಪೂರ್ತಿ ಅವನ ಬಾಯಿಗೆ ಒತ್ತಿಬಿಟ್ಟಳು.

"ಬಾಯ್ ಮುಚ್ಚೋ ಮುಂಡೇದೇ! ಅವ್ಳು ವಾಪಸು ಬರ್ಬೇಕು!"

ಆಮೇಲೆ ಯಾರೂ ಬಾಯಿ ಬಿಡಲಿಲ್ಲ. ಬೆರ್ತಿಲ್ಲಾ ತುಟಿ ಕಚ್ಚಿಕೊಂಡಳು, ಪಾದ್ರಿಗಳು ಕೂಡ ಮಾತಿಲ್ಲದೆ ಬರೀ ಕೈ ಎತ್ತಿ ಆಶೀರ್ವಾದ ಮಾಡಿದರು. ನಾತೆಲಾ ಮೆಟ್ಟಿಲ ಮೇಲೆ ನಿಂತು, "ಔಷಧಿ ಮರೀಬೇಡ ಮುದ್ಕಿ, ಬಂದು ಗುಳಿಗೆ ಎಣಿಸ್ತೀನಿ" ಎಂದಳು. "ಹೋಗೇ, ಹೋಗೇ" ಎಂದಳು ಅಜ್ಜಿ, ಇನ್ನೂ ಜಿಲ್ದೊನ ಬಾಯಿ ಬಿಡದೆ.